ಫೋನ್ ಆಫ್ ಇದ್ದವರಿಗೂ ಪ್ರತಿ ನೋಟಿಫಿಕೇಶನ್ ತಲುಪಿಸುವುದು ಹೇಗೆ?

ಒಂದೂ ತಪ್ಪಬಾರದು ಎಂದು ನಾನೂ ಹಠ ಹಿಡಿದಿದ್ದೆ. ದಯವಿಟ್ಟು ಆ ಹಠ ಬಿಡಿ.

ಕಲಬುರಗಿಯ ಗಂಜ್‌ನಲ್ಲಿ ನಮ್ಮ ಸೋದರಮಾವನ ಅಡತಿ ಅಂಗಡಿಯಿದೆ. ಅಲ್ಲಿಗೆ ಮಾಲು ತರುವ ರೈತರಿಗೆ ತೊಗರಿ ದರ ತಿಳಿಸಲು ಚಿಕ್ಕ ಆ್ಯಪ್ ಮಾಡಿದ್ದೆ. ಜನವರಿಯ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಚಿಂಚೋಳಿ ಕಡೆಯ ಕಾಕಾ ಒಬ್ಬರು ಟಂಟಂನಲ್ಲಿ ಹದಿನೆಂಟು ಚೀಲ ಹೇರಿಕೊಂಡು ಬಂದರು. "ನೀನೇ ಕಳಿಸಿದ ದರ, ತಮ್ಮಾ" ಎಂದು ಫೋನ್ ಮುಂದೆ ಹಿಡಿದರು. ಪರದೆಯ ತುಂಬ ಐದು ನೋಟಿಫಿಕೇಶನ್. ಐದರಲ್ಲೂ "ಇಂದಿನ ತೊಗರಿ ದರ". ರೀಚಾರ್ಜ್ ಮುಗಿದು ಆರು ದಿನ ಡೇಟಾ ಇರಲಿಲ್ಲವಂತೆ. ಹಿಂದಿನ ರಾತ್ರಿ ಮಗ ರೀಚಾರ್ಜ್ ಮಾಡಿಸಿದಾಗ ಎಲ್ಲವೂ ಒಟ್ಟಿಗೆ ಬಂದು ಬಿದ್ದಿದ್ದವು. ಅವರು ಹೆಚ್ಚಿನ ದರವನ್ನು ನಂಬಿದ್ದರು. ಅಷ್ಟರಲ್ಲಿ ಕ್ವಿಂಟಲ್‌ಗೆ ಐದುನೂರು ರೂಪಾಯಿ ಇಳಿದಿತ್ತು.

ತಪ್ಪು ಪೂರ್ತಿ ನನ್ನದೇ. ನೋಟಿಫಿಕೇಶನ್ ತಲುಪಿಸುವ ಗೂಗಲ್‌ನ ಸೇವೆ ಫೈರ್‌ಬೇಸ್ ಮೂಲಕ ಕಳಿಸುವಾಗ, ಸಂದೇಶ ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ಟಿಟಿಎಲ್ ಎಂಬ ಅವಧಿಯನ್ನು ನಾನು ಕೊಟ್ಟಿರಲಿಲ್ಲ. ಕೊಡದಿದ್ದರೆ, ಫೋನಿಗೆ ತಲುಪದ ಸಂದೇಶವನ್ನು ಅದು 28 ದಿನಗಳವರೆಗೆ ಕಾದಿಟ್ಟುಕೊಳ್ಳುತ್ತದೆ. ಅದೂ ಡೇಟಾ ಮೆಸೇಜ್, ಅಂದರೆ ಆ್ಯಪ್ ತಾನೇ ಪರದೆಗೆ ತರುವ ಸಂದೇಶ ಆಗಿತ್ತು; ಕಾಯುತ್ತಿರುವ ಹಳೆಯದರ ಜಾಗಕ್ಕೆ ಹೊಸದನ್ನು ಕೂರಿಸುವ ಗುರುತು, ಕೊಲ್ಯಾಪ್ಸ್ ಕೀ, ಇರಲಿಲ್ಲ. ಹಾಗಾಗಿ ಹೊಸದು ಬಂದಾಗ ಹಳೆಯದು ಹೋಗದೆ ಐದೂ ಸಾಲಾಗಿ ಕಾದವು. ಕಳಿಸಿದ್ದರ ದಾಖಲೆಯಾದ ಲಾಗ್‌ನಲ್ಲಿ ದಿನವೂ "ಸಕ್ಸೆಸ್" ಕಂಡು ನೆಮ್ಮದಿಯಾಗಿದ್ದೆ. ಸರ್ವರ್ ಸಂದೇಶವನ್ನು ಒಪ್ಪಿಕೊಂಡಿದೆ ಎಂಬುದಷ್ಟೇ ಅದರ ಅರ್ಥ. ಕಾಕಾ ಓದಿದರು ಎಂದಲ್ಲ. ಎಲ್ಲಕ್ಕಿಂತ ಕೆಟ್ಟದ್ದು "ಇಂದಿನ" ಎಂಬ ಪದ. ತಾರೀಖು ಬರೆದಿದ್ದರೆ ಅವರು ಮನೆಯಲ್ಲೇ ನಿಲ್ಲುತ್ತಿದ್ದರು.

ಟಂಟಂ ಬಾಡಿಗೆ ನಾನು ಕೊಟ್ಟೆ. ದರದ ನಷ್ಟ ಅವರ ಮೇಲೆಯೇ ಬಿತ್ತು. ಸಾಲದ ಕಂತು ಕಟ್ಟಬೇಕಿದ್ದುದರಿಂದ ಅಂದೇ ಮಾರಿದರು.

ಈಗ ಟಿಟಿಎಲ್ ಆರು ಗಂಟೆ, ಅಂದರೆ 21600 ಸೆಕೆಂಡು. ಎಲ್ಲ ದರಗಳಿಗೂ ಒಂದೇ ಕೊಲ್ಯಾಪ್ಸ್ ಕೀ, ಪರದೆಯ ಮೇಲೂ ಹಳೆಯದರ ಜಾಗಕ್ಕೆ ಹೊಸದು ಬರುವಂತೆ ಒಂದೇ ನೋಟಿಫಿಕೇಶನ್ ಐಡಿ. ಐಫೋನ್‌ಗಾದರೆ ಆ್ಯಪಲ್‌ನ ನೋಟಿಫಿಕೇಶನ್ ಸೇವೆಯಾದ ಎಪಿಎನ್ಎಸ್‌ನ ಎಕ್ಸ್‌ಪಿರೇಶನ್‌ನಲ್ಲಿ ಮುಗಿಯುವ ಸಮಯ ಕೊಡಿ. ಇನ್ನು ನೂರಕ್ಕೆ ನೂರು ತಲುಪುವ ಮಾತು: ಆಂಡ್ರಾಯ್ಡ್ 13ರಿಂದ ಬಳಕೆದಾರರ ಅನುಮತಿ ಕೇಳಲೇಬೇಕು, ಅವರು ಬೇಡವೆಂದರೆ ಅದು ಅಲ್ಲಿಗೇ ಮುಗಿಯಿತು. ಹಾಗಾಗಿ ಹಣ ಜಮೆಯಾದಂಥ, ತಪ್ಪಲೇಬಾರದ ಸುದ್ದಿಯನ್ನು ಆ್ಯಪ್‌ನೊಳಗಿನ ಪಟ್ಟಿಯಲ್ಲಿ ಇಡಿ, ಎಸ್ಎಂಎಸ್ ಕೂಡ ಕಳಿಸಿ.

ನಿಮ್ಮ ಆ್ಯಪ್ ಏನನ್ನು ತಿಳಿಸುತ್ತದೆ ಎಂದು ನೀವು ಬರೆದಿಲ್ಲ. ಆ ಸುದ್ದಿ ಎಷ್ಟು ಹೊತ್ತಿಗೆ ಹಳಸುತ್ತದೆ ಹೇಳಿ, ಟಿಟಿಎಲ್ ಎಷ್ಟಿಡಬೇಕೆಂದು ತಿಳಿಸುತ್ತೇನೆ.