ಉಪ್ಪು ಹಾಕಿದ ಬೇರಲ್ಲಿ ಎಬಿಎ (ಗಿಡದ ಒತ್ತಡದ ಹಾರ್ಮೋನ್) ನೋಡಲು ಯಾವ ಸೆನ್ಸರ್‌ನಲ್ಲಿ ಬದಲಾವಣೆ ದೊಡ್ಡದಾಗಿ ಕಾಣುತ್ತೆ?

ಅರಾಬಿಡಾಪ್ಸಿಸ್ ಅನ್ನೋ ಪ್ರಯೋಗದ ಗಿಡದ ಬೇರು, ಉಪ್ಪುನೀರು, ಫ್ರೆಟ್ ಸೆನ್ಸರ್ (ಒಂದು ಹೊಳೆಯುವ ಪ್ರೋಟೀನ್‌ನಿಂದ ಇನ್ನೊಂದಕ್ಕೆ ಎಷ್ಟು ಶಕ್ತಿ ದಾಟುತ್ತೆ ಅಂತ ನೋಡಿ ಅಳೆಯುವಂಥದ್ದು): ನನ್ನ ಪಿಎಚ್‌ಡಿಯ ಎರಡನೇ ವರ್ಷ ಪೂರ್ತಿ ಇದರಲ್ಲೇ ಹೋಯಿತು. ನಾನು ಹುಡುಕುತ್ತಿದ್ದದ್ದು ಗ್ಲೂಕೋಸ್, ಅಷ್ಟೇ ವ್ಯತ್ಯಾಸ.

ಕೈಯಲ್ಲಿದ್ದದ್ದು ಹಳೇ ಕಾಲದ ಸೆನ್ಸರ್. ಇ. ಕೋಲೈ ಬ್ಯಾಕ್ಟೀರಿಯಾದ ಸಕ್ಕರೆ ಹಿಡಿಯುವ ಪ್ರೋಟೀನ್, ಅದಕ್ಕೆ ಜೋಡಿಸಿದ ಎರಡು ಹೊಳೆಯುವ ಪ್ರೋಟೀನ್: ನೀಲಿ ಸಿಎಫ್‌ಪಿ, ಹಳದಿ ವೈಎಫ್‌ಪಿ. ಗ್ಲೂಕೋಸ್ ಬಂದು ಕೂತರೆ ನೀಲಿಯಿಂದ ಹಳದಿಗೆ ದಾಟುವ ಶಕ್ತಿ ಕಡಿಮೆಯಾಗಿ ನೀಲಿ ಏರುತ್ತೆ, ಹಳದಿ ಇಳಿಯುತ್ತೆ. ಬೇರಿಗೆ ಸೋಡಿಯಂ ಕ್ಲೋರೈಡ್ ಹರಿಸಿದೆ. ಹಳದಿಯನ್ನು ನೀಲಿಯಿಂದ ಭಾಗಿಸಿದ ಅನುಪಾತ ಚೆಂದವಾಗಿ ಇಳಿಯಿತು. ಉಪ್ಪಿಗೆ ಸಕ್ಕರೆ ಏರುತ್ತೆ ಅಂತ ಪೋಸ್ಟರ್ ಕೂಡ ಮಾಡಿಬಿಟ್ಟೆ.

ಏರಿದ್ದು ಕ್ಲೋರೈಡ್. ಹಳೇ ವೈಎಫ್‌ಪಿಗೆ ಕ್ಲೋರೈಡ್ ಅಂಟಿದರೆ ಅದು ಮಂಕಾಗುತ್ತೆ, ಪಿಎಚ್ ಇಳಿದರೂ ಹಾಗೇ. ಮಂಕಾದ ವೈಎಫ್‌ಪಿ ನೀಲಿಯ ಶಕ್ತಿಯನ್ನೂ ತೆಗೆದುಕೊಳ್ಳಲ್ಲ, ಹಾಗಾಗಿ ನೀಲಿ ಏರುತ್ತೆ. ಎರಡು ಬಣ್ಣ ವಿರುದ್ಧ ದಿಕ್ಕಿಗೆ ಹೋದರೆ ಸಿಗ್ನಲ್ ನಿಜ ಅಂತ ಎಲ್ಲರೂ ಹೇಳಿಕೊಡ್ತಾರೆ; ಇಲ್ಲಿ ಸುಳ್ಳೂ ಅದೇ ವೇಷದಲ್ಲಿ ಬರುತ್ತೆ. 514 ನ್ಯಾನೊಮೀಟರ್ ಲೇಸರ್‌ನಿಂದ ವೈಎಫ್‌ಪಿಯನ್ನು ನೇರವಾಗಿ ಬೆಳಗಿಸಿದಾಗ ಬರುವ ಬೆಳಕು ಫ್ರೆಟ್ ಬದಲಾದರೂ ಅಲುಗಾಡಬಾರದು. ನನ್ನ ಬೇರುಗಳಲ್ಲಿ ಅದೂ ಇಳಿದಿತ್ತು. ಆ ಚಾನೆಲ್ ಪ್ರತಿ ಫೈಲ್‌ನಲ್ಲೂ ಇತ್ತು! ಬೇರು ಫೋಕಸ್‌ನಲ್ಲಿದೆಯಾ ಅಂತ ನೋಡೋಕಷ್ಟೇ ಅದನ್ನು ಬಳಸಿದ್ದೆ, ಒಮ್ಮೆಯೂ ಅಳೆದಿರಲಿಲ್ಲ. ಕೊನೆಗೆ ಗ್ಲೂಕೋಸ್ ಹಿಡಿಯದಂತೆ ಕೆಡಿಸಿದ ಸೆನ್ಸರ್ ಇರುವ ಗಿಡಕ್ಕೆ ಉಪ್ಪು ಕೊಟ್ಟಾಗ ಗ್ರಾಫ್ ಹೆಚ್ಚುಕಡಿಮೆ ಅದೇ ಬಂತು.

ಆದ್ದರಿಂದ ಬದಲಾವಣೆ ಎಷ್ಟು ದೊಡ್ಡದು ಅನ್ನೋ ಪ್ರಶ್ನೆಯನ್ನೇ ಬಿಡಿ, ಯಾವ ದಿಕ್ಕಿಗೆ ಅಂತ ಕೇಳಿ. 2014ರಲ್ಲಿ ಎಬಿಎಗೆ ಎರಡು ಸೆನ್ಸರ್ ಬಂದವು. ಎಬಿಎ ಕೂತರೆ ಎಬಿಎಲಿಯನ್‌ನಲ್ಲಿ ಫ್ರೆಟ್ ಇಳಿಯುತ್ತೆ, ಅಬಾಕಸ್‌ನಲ್ಲಿ ಏರುತ್ತೆ. ಹೊಸ ಹಳದಿ ಪ್ರೋಟೀನ್‌ಗಳು ಕ್ಲೋರೈಡ್‌ಗೆ ಅಷ್ಟಾಗಿ ಬಗ್ಗಲ್ಲ, ನಿಜ. ಆದರೂ ಉಪ್ಪಿನ ಕೆಲಸಕ್ಕೆ ನಾನಂತೂ ಅಬಾಕಸ್ಸೇ ಅನ್ನುತ್ತೇನೆ, ಯಾಕಂದರೆ ಹಳದಿ ಮಂಕಾದರೆ ಅನುಪಾತ ಏರಲ್ಲ. 2023ರ ಅಬಾಕಸ್2 ಇನ್ನೂ ಚೆನ್ನಾಗಿದೆ. ಎಲೆಯ ಸುತ್ತಲಿನ ಗಾಳಿ ಒಣಗಿದರೆ ಬೇರಿನ ಉದ್ದವಾಗುವ ಭಾಗದಲ್ಲಿ ಎಬಿಎ ಸೇರುತ್ತೆ ಅಂತ ಕೇಂಬ್ರಿಜ್‌ನ ಸೇನ್ಸ್‌ಬರಿ ಲ್ಯಾಬೊರೇಟರಿಯವರು ತೋರಿಸಿದ್ದು ಇದರಲ್ಲೇ.

ಸೆನ್ಸರ್ ಇರುವ ಬೀಜ ಕೇಳಿ ಇಮೇಲ್ ಬರೆಯುವಾಗ ಎಬಿಎ ಹಿಡಿಯದಂತೆ ಕೆಡಿಸಿದ ರೂಪದ ಬೀಜವನ್ನೂ ಅದರಲ್ಲೇ ಕೇಳಿಬಿಡಿ. ಅದು ಬರೋವರೆಗೆ ಒಂದು ಬೇರಿಗೂ ಉಪ್ಪು ಹಾಕಬೇಡಿ.