ದಾರಿ ಮೊದಲು, ಮನೆ ಆಮೇಲೆ

ಮೈಸೂರಿನ ಓದುಗರೊಬ್ಬರು ಪೋಲೆಂಡಿನ ವಾರ್ಸಾದಲ್ಲಿರುವ ಮಗನ ಮನೆಗೆ ಹೋಗಿದ್ದಾರೆ. ಅಲ್ಲಿಂದಲೇ ಪತ್ರ ಬರೆದಿದ್ದಾರೆ. ಸಾರ ಇಷ್ಟು: “ಕಮ್ಯುನಿಸ್ಟರ ಕಾಲದ ಬೆಂಕಿಪೊಟ್ಟಣದಂಥ ಫ್ಲ್ಯಾಟುಗಳನ್ನು ನೋಡಿದರೆ ಉಸಿರು ಕಟ್ಟುತ್ತದೆ. 1989ರ ನಂತರ ಸರ್ಕಾರ ಕೈಬಿಟ್ಟಿದ್ದರಿಂದ ಊರು ಬೆಳೆಯಿತು. ಮಗನಿಗೆ ಊರಾಚೆ ಕೈತೋಟವಿರುವ ಸ್ವಂತ ಮನೆ ಸಿಕ್ಕಿತು. ನಮ್ಮಲ್ಲೂ ಈ ಪ್ಲಾನು, ವಲಯ ಎಂಬ ರಗಳೆಗಳನ್ನು ಯಾಕೆ ತೆಗೆದುಹಾಕಬಾರದು?”

ಮಗ ಮನೆ ಮಾಡಿಕೊಂಡಿದ್ದು ಸಂತೋಷ ಸ್ವಾಮಿ. ನಿಮ್ಮ ಮಾತಲ್ಲಿ ನಿಜವೂ ಇದೆ. ಆ ಕಾಲದಲ್ಲಿ ಒಂದು ಫ್ಲ್ಯಾಟಿಗೆ ಹತ್ತು ಹದಿನೈದು ವರ್ಷ ಕಾದವರಿದ್ದಾರೆ. ಅದು ಮತ್ತೆ ಬರಲಿ ಎಂದು ಯಾರೂ ಕೇಳುವುದಿಲ್ಲ.

ಆದರೆ ಪತ್ರದ ಕೊನೆಗೆ ಇನ್ನೊಂದು ಮಾತು ಬರೆದಿದ್ದೀರಿ: “ಅಂಗಡಿ ಹಿತ್ತಲಿನಿಂದಲೇ ಕಾಣುತ್ತದೆ, ಹೋಗೋಕೆ ಮಾತ್ರ ಕಾರು ಬೇಕು.” ನಿಮ್ಮ ಕಣ್ಣು ಚುರುಕಾಗಿದೆ. ಯಾಕೆ ಹೀಗೆ ಅಂತ ಅಲ್ಲೇ ಒಮ್ಮೆ ಕೇಳಿಕೊಂಡಿದ್ದರೆ ಪತ್ರವೇ ಬೇರೆ ಥರ ಇರುತ್ತಿತ್ತು.

ಕಾರಣ ಜಮೀನಿನಲ್ಲೇ ಇದೆ. ರೈತರ ಹೊಲಗಳನ್ನು ಒಟ್ಟುಗೂಡಿಸಿ ಮಾಡುವ ಸಾಮೂಹಿಕ ಬೇಸಾಯ ಪೋಲೆಂಡಿನಲ್ಲಿ ಬೇರು ಬಿಡಲಿಲ್ಲ. 1956ರ ನಂತರ ಬಹುಪಾಲು ಸಹಕಾರಿ ಫಾರಂಗಳು ಮುರಿದುಬಿದ್ದವು. ಜಮೀನು ರೈತರ ಕೈಯಲ್ಲೇ ಉಳಿದು, ತಲೆತಲಾಂತರದಿಂದ ಹಿಸ್ಸೆಯಾಗುತ್ತಾ ಉದ್ದುದ್ದ ಪಟ್ಟಿಗಳಾಗಿತ್ತು. ಆಡಳಿತ ಬದಲಾದ ಮೇಲೆ, 1994ರ ಕಾಯ್ದೆ ಹಳೆಯ ನಗರ ಯೋಜನೆಗಳಿಗೆ ಗಡುವು ಹಾಕಿತು. 2003ರ ಕೊನೆಗೆ ಅವು ರದ್ದಾದವು. ಹೊಸ ಯೋಜನೆಗಳು ಮಾತ್ರ ಬಹಳಷ್ಟು ಕಡೆ ಆಗಲೇ ಇಲ್ಲ. ಯೋಜನೆ ಇಲ್ಲದ ಕಡೆ ಬಿಡಿ ಅನುಮತಿ ಸಾಕಾಯಿತು. ಅದೇ ರಸ್ತೆಗೆ ತಾಗಿದ ಪಕ್ಕದ ಜಾಗದಲ್ಲೊಂದು ಮನೆ ಇದೆಯಾ? ಹಾಗಾದರೆ ನೀವೂ ಕಟ್ಟಿ.

ಬಿಲ್ಡರ್ ಒಬ್ಬ ಒಂದು ಪಟ್ಟಿ ಕೊಂಡ. ಕಾರು ಹೋಗುವಷ್ಟು ಓಣಿ ಬಿಟ್ಟ, ಉದ್ದಕ್ಕೂ ಮನೆ ಕಟ್ಟಿದ, ಕೊನೆಗೆ ಬೇಲಿ ಹಾಕಿದ. ಪಕ್ಕದ ಪಟ್ಟಿ ಇನ್ನೊಬ್ಬನದು, ಅಲ್ಲೂ ಅದೇ ಕಥೆ. ಎರಡನ್ನೂ ಸೇರಿಸೋ ಅಡ್ಡರಸ್ತೆಗೆ ಯಾರ ಜಾಗ ಹೋಗಬೇಕು? ಯಾರೂ ಬಿಡಲಿಲ್ಲ. ಫುಟ್‌ಪಾತಿಲ್ಲ, ಬಸ್ಸು ತಿರುಗಲು ಜಾಗವಿಲ್ಲ. ವಾರ್ಸಾದ ಉತ್ತರಕ್ಕಿರುವ ಬ್ಯಾವೊವೆಂಕಾದಲ್ಲಿ ಮನೆಗಳು ಬಂದಷ್ಟು ಬೇಗ ಶಾಲೆ ಬರಲಿಲ್ಲ, ತರಗತಿಗಳು ತುಂಬಿ ತುಳುಕಿದವು. ಸುಮಾರು 3.8 ಕೋಟಿ ಜನರ ದೇಶ ಅದು. ಸ್ಥಳೀಯ ಸಂಸ್ಥೆಗಳು ಮನೆ ಕಟ್ಟಲು ಗುರುತು ಹಾಕಿದ ಜಾಗವೋ, 6 ಕೋಟಿಗೂ ಜಾಸ್ತಿ ಜನಕ್ಕೆ ಸಾಕು! ಹಾಗಾಗಿ ಮನೆಗಳು ಅಲ್ಲೊಂದು ಇಲ್ಲೊಂದು ಚದುರಿದವು.

ಈಗ ನೀವು ಬೈದ ಫ್ಲ್ಯಾಟುಗಳ ಕಡೆ ಬನ್ನಿ. ದಕ್ಷಿಣಕ್ಕೆ ಉರ್ಸಿನೂಫ್ ಅಂತ ಬಡಾವಣೆ ಇದೆ. 1970ರ ದಶಕದಲ್ಲಿ ಕಾಂಕ್ರೀಟ್ ಹಲಗೆ ಜೋಡಿಸಿ ಎಬ್ಬಿಸಿದ್ದು. ಮೊದಲು ಬಂದವರು ಕೆಸರು ತುಳಿದರು, ಅಂಗಡಿಗೆ ಪರದಾಡಿದರು, ನಿಜ. ಆದರೆ ಮೆಟ್ರೋಗೆ ಅಂತ ನಡುವೆ ಜಾಗ ಕಾದಿಟ್ಟಿದ್ದರು. ರೈಲು ಓಡಿದ್ದು 1995ರಲ್ಲಿ. ಅಷ್ಟು ವರ್ಷ ಆ ಜಾಗವನ್ನು ಯಾರೂ ಸೈಟು ಮಾಡಿ ಮಾರಲಿಲ್ಲ. ಅಲ್ಲೊಂದು ಪರಿಚಯದ ಮನೆಗೆ ನಾನು ಹೋಗಿದ್ದೆ. ಆ ಮನೆಯ ಅಜ್ಜಿ ಊರುಗೋಲು ಹಿಡಿದು ಕೆಳಗಿಳಿಯುತ್ತಾರೆ. ಬ್ರೆಡ್ಡು, ಮಾತ್ರೆ ತಂದು, ಮೊಮ್ಮಗಳನ್ನು ಶಾಲೆಯಿಂದ ಕರಕೊಂಡು ಬರುತ್ತಾರೆ. ಎಲ್ಲೂ ಕಾರಿನ ಮಾತಿಲ್ಲ. ಗೋಡೆ ಬೂದು ಬಣ್ಣದ್ದು ಎಂದು ಮೂಗು ಮುರಿಯುವ ಮೊದಲು ಇದನ್ನೂ ಲೆಕ್ಕಕ್ಕೆ ತಗೋಬೇಕು ಅಲ್ವಾ?

ತಪ್ಪು ಅವರಿಗೂ ಗೊತ್ತಾಗಿದೆ. ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನ ಇಡೀ ಪ್ರದೇಶಕ್ಕೆ ಸಾಮಾನ್ಯ ಯೋಜನೆ ಮಾಡಲೇಬೇಕು ಎಂದು 2023ರಲ್ಲಿ ಕಾಯ್ದೆ ತಂದರು. ಆಗಲೇ ಮಾರಿಹೋದ ಓಣಿಗಳನ್ನು ಯಾವ ಕಾಯ್ದೆ ಅಗಲ ಮಾಡುತ್ತದೆ?

ನಾವಂತೂ ಸಮಾಜವಾದವೂ ಬೀಳದೆ, ಯೋಜನೆಯೂ ರದ್ದಾಗದೆ ಅದೇ ಗತಿಗೆ ಬಂದಿದ್ದೇವೆ. ಬೆಂಗಳೂರಿನ ಸುತ್ತ ರೆವಿನ್ಯೂ ಸೈಟು ಕೊಂಡವರನ್ನು ಕೇಳಿ. ಮೊದಲು ಮನೆ, ಆಮೇಲೆ ಟ್ಯಾಂಕರು, ಚರಂಡಿಗೆ ಹತ್ತು ವರ್ಷ ಅರ್ಜಿ. ಪತ್ರಿಕೆಗಳಲ್ಲಿ ಲೇಔಟಿನ ಜಾಹೀರಾತಿಗೆ ಇಡೀ ಪುಟ, ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಪ್ರಕಟಣೆಗೆ ಮೂಲೆಯಲ್ಲಿ ಬೆರಳಗಲ ಜಾಗ. ಕಾನೂನು ಕೊಟ್ಟ ಆಕ್ಷೇಪಣೆಯ ಅವಕಾಶವನ್ನು ನಿಮ್ಮಂಥ ಓದಿಕೊಂಡವರೇ ಬಳಸುವುದಿಲ್ಲ ಎಂಬುದು ನನ್ನ ದೊಡ್ಡ ಸಂಕಟ. ಮೈಸೂರಿಗೆ ಹಿಂತಿರುಗಿದ ಮೇಲೆ ಮಹಾಯೋಜನೆಯ ಮುಂದಿನ ಕರಡು ಬಂದಾಗ ತರಿಸಿ ಓದಿ. ನಿಮ್ಮ ಬಡಾವಣೆಯಲ್ಲಿ ಯಾವ ಅಡ್ಡರಸ್ತೆ ಬೇಕು ಅಂತ ಬರೆದು ಕೊಡಿ. ಒಂದು ಪ್ರತಿ ನಮಗೂ ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ