ಕಾನೂನು ಕೇಳಿ: ಪಡು ಗಡಿ ಬಡಗಾದರೆ

ಪ್ರಶ್ನೆ: ನಮ್ಮದು ಕಾಸರಗೋಡಿನ ಮುಳ್ಳೇರಿಯ ಹತ್ತಿರ ಅಡಿಕೆ ತೋಟ. ತೋಡಿನ (ಸಣ್ಣ ಹಳ್ಳದ) ಬದಿಯ 18 ಸೆಂಟ್ಸ್ ಜಾಗಕ್ಕೆ ನೆರೆಯವರೊಂದಿಗೆ ವ್ಯಾಜ್ಯ. ಮುನ್ಸಿಫ್ ಕೋರ್ಟಿನಲ್ಲಿ ನಾವು ಗೆದ್ದೆವು, ಮೇಲ್ಮನವಿಯಲ್ಲಿ ಸೋತೆವು. ಅಜ್ಜನ ಕಾಲದ 1951ರ ಪಾಲುಪಟ್ಟಿ ಕನ್ನಡದಲ್ಲಿದೆ. ಅದರಲ್ಲಿ ‘ಪಡು: ತೋಡು’, ಅಂದರೆ ಪಶ್ಚಿಮ ಗಡಿಗೆ ತೋಡು ಎಂದಿದೆ. ಮಲಯಾಳ ಅನುವಾದದಲ್ಲಿ ತೋಡು ಬಡಗು (ಉತ್ತರ) ದಿಕ್ಕಿಗೆ ಹೋಗಿದೆ. ತೀರ್ಪಿನಲ್ಲೂ ಹಾಗೆಯೇ ಬರೆದಿದ್ದಾರೆ. ನಮ್ಮ ಸಾಕ್ಷಿಯನ್ನೂ ನಂಬಲಿಲ್ಲ. ತೀರ್ಪಿನ ನಂತರ ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ತೀರ್ವೆ (ಭೂಕಂದಾಯ) ರಶೀದಿಯೂ ಸಿಕ್ಕಿದೆ. ಅದೇ ಕೋರ್ಟಿನಲ್ಲಿ ರಿವ್ಯೂ (ತೀರ್ಪಿನ ಮರುಪರಿಶೀಲನೆ) ಅರ್ಜಿ ಹಾಕಬಹುದೇ?

ಉತ್ತರ: ಹಾಕಬಹುದು. ಆದರೆ ನೀವು ಹೇಳಿದ ಮೂರು ವಿಷಯಗಳಲ್ಲಿ ಒಂದಕ್ಕೆ ಮಾತ್ರ ನಿಜವಾದ ಬಲ ಇದೆ. ಅದು ಪಡು ಗಡಿ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 114ನೇ ಕಲಂ ಮತ್ತು 47ನೇ ಆದೇಶ ಕೋರ್ಟಿಗೆ ತನ್ನದೇ ತೀರ್ಪನ್ನು ಮತ್ತೆ ನೋಡುವ ಅಧಿಕಾರ ಕೊಡುತ್ತವೆ. ಎಷ್ಟೇ ಹುಡುಕಿದರೂ ಮೊದಲು ಸಿಗದಿದ್ದ ಹೊಸ ಸಾಕ್ಷ್ಯ, ಕಡತದ ಮುಖದಲ್ಲೇ ಕಾಣುವ ತಪ್ಪು, ಅಥವಾ ಇಂಥದ್ದೇ ತೂಕದ ಬೇರೆ ಕಾರಣ ಇರಬೇಕು. ತೀರ್ಪು ನಮಗೆ ಸರಿ ಕಾಣಲಿಲ್ಲ ಎಂಬುದು ಕಾರಣ ಆಗುವುದಿಲ್ಲ. 1997ರ ಪಾರ್ಶನ್ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಉದ್ದ ವಾದ ಮಾಡಿ ತೋರಿಸಬೇಕಾದ ತಪ್ಪು ಮುಖದ ಮೇಲಿನ ತಪ್ಪಲ್ಲ, ರಿವ್ಯೂ ಎಂದರೆ ವೇಷ ಬದಲಿಸಿದ ಮೇಲ್ಮನವಿ ಅಲ್ಲ ಎಂದು.

ಹಾಗಾದರೆ ನಿಮ್ಮ ತಪ್ಪು ಕಣ್ಣಿಗೆ ಕಾಣುವಂಥದ್ದೇ? ನೀವು ಕಳಿಸಿದ ಪ್ರತಿಯನ್ನು ಎರಡು ಸಲ ಓದಿದೆ. ಹಳೆಯ ಕೈಬರಹದಲ್ಲಿ ‘ಪ’ ಮತ್ತು ‘ಬ’ ಒಂದೇ ಥರ ಕಾಣುತ್ತವೆ. ಅನುವಾದಕರು ‘ಪಡು’ವನ್ನು ‘ಬಡಗು’ ಎಂದು ಓದಿರಬೇಕು. ಇಷ್ಟೇ ಆಗಿದ್ದರೆ ಎದುರಿನವರು ಕೈಬರಹದ ಬಗ್ಗೆಯೇ ವಾದ ಎಬ್ಬಿಸುತ್ತಿದ್ದರು. ಆದರೆ ಅನುವಾದದ ಷೆಡ್ಯೂಲ್ (ಜಾಗದ ಗಡಿ ವಿವರದ ಪಟ್ಟಿ) ನೋಡಿ. ಮೂಡು ಇದೆ, ತೆಂಕು ಇದೆ, ಬಡಗು ಎರಡು ಸಲ ಇದೆ. ಪಡು ಇಲ್ಲವೇ ಇಲ್ಲ! ನಾಲ್ಕು ಗಡಿ ಹೇಳುವ ಪತ್ರದಲ್ಲಿ ಎರಡು ಬಡಗು ಇರಲು ಸಾಧ್ಯವೇ? ಇದಕ್ಕೆ ವಾದ ಬೇಡ, ಬೆರಳಿಟ್ಟು ತೋರಿಸಿದರೆ ಸಾಕು. ಮೂಲ ಕನ್ನಡ ಪತ್ರವೂ ಅದೇ ಕಡತದಲ್ಲಿ ಸಾಕ್ಷ್ಯವಾಗಿ ಗುರುತಾಗಿದೆ ಎಂದು ಬರೆದಿದ್ದೀರಿ. ಅದು ನಿಮ್ಮ ದೊಡ್ಡ ಆಸರೆ. ಜೊತೆಗೆ, ತೀರ್ಪಿನ ಯಾವ ಪ್ಯಾರಾ ಈ ಬಡಗು ಗಡಿಯನ್ನು ನಂಬಿ ನಿಂತಿದೆ ಎಂಬುದನ್ನು ತೋರಿಸಲೇಬೇಕು. ತಪ್ಪು ಇದ್ದರೆ ಸಾಲದು. ಆ ತಪ್ಪಿನಿಂದಲೇ ನೀವು ಸೋತಿರಬೇಕು.

1956ರ ನವೆಂಬರ್ 1ರ ತನಕ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಮ್ಮ ಹಿರಿಯರ ಪತ್ರಗಳು ಕನ್ನಡದಲ್ಲಿ ಇರುವುದು ಅದಕ್ಕೇ. ಅವುಗಳನ್ನು ಓದಬಲ್ಲವರು ಕೋರ್ಟಿನ ಸುತ್ತ ಕಡಿಮೆಯಾಗುತ್ತಿರುವುದು ನನಗೆ ತುಂಬಾ ಸಂಕಟ ಕೊಡುವ ವಿಷಯ. ದಯವಿಟ್ಟು ಎಲ್ಲರೂ ಅನುವಾದ ಸಲ್ಲಿಸುವ ಮೊದಲೇ ಮನೆಯ ಹಿರಿಯರ ಜೊತೆ ಕೂತು ಸಾಲು ಸಾಲಾಗಿ ಹೋಲಿಸಿ ನೋಡಿ.

ಇನ್ನು ತೀರ್ವೆ ರಶೀದಿ. ಅದು ನಿಮ್ಮದೇ ಅಟ್ಟದಲ್ಲಿತ್ತು, ಅಲ್ವಾ? ಮೊದಲೇ ಯಾಕೆ ಹುಡುಕಲಿಲ್ಲ ಎಂದು ಕೋರ್ಟು ಕೇಳಿಯೇ ಕೇಳುತ್ತದೆ. ಹೊಸ ಸಾಕ್ಷ್ಯದ ಮಾತಿಗೆ ಗಟ್ಟಿಯಾದ ಪುರಾವೆ ಬೇಕೆಂದು ಕಾನೂನಿನಲ್ಲೇ ಇದೆ. ಬೇರೆಯವರ ವಶದಲ್ಲಿದ್ದು, ನಿಮಗೆ ಗೊತ್ತೇ ಇಲ್ಲದಿದ್ದರೆ ಬೇರೆ ಮಾತು. ಸಾಕ್ಷಿಯನ್ನು ನಂಬಲಿಲ್ಲ ಎಂಬುದನ್ನು ಅರ್ಜಿಯಲ್ಲಿ ಬರೆಯಲೇ ಬೇಡಿ, ಅದು ತೀರ್ಪು ಸರಿ ಕಾಣಲಿಲ್ಲ ಎಂದಷ್ಟೇ ಆಗುತ್ತದೆ.

ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ವಕೀಲನಾಗಿ ಆರಂಭದ ವರ್ಷಗಳಲ್ಲಿ ಒಬ್ಬ ಅಜ್ಜಿಯ ಕೇಸಿನಲ್ಲಿ 14 ಪುಟದ ರಿವ್ಯೂ ಅರ್ಜಿ ಬರೆದೆ. ಮೇಲ್ಮನವಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ್ದೆ. “ತಪ್ಪು ಎಲ್ಲಿದೆ, ತೋರಿಸಿ” ಎಂದು ನ್ಯಾಯಾಧೀಶರು ಕೇಳಿದಾಗ ನಾನು ವಾದ ಶುರು ಮಾಡಿದೆ. ಐದೇ ನಿಮಿಷದಲ್ಲಿ ಅರ್ಜಿ ವಜಾ. ಅಷ್ಟರಲ್ಲಿ ಹೈಕೋರ್ಟಿಗೆ ಎರಡನೇ ಮೇಲ್ಮನವಿ ಹಾಕುವ 90 ದಿನವೂ ಕಳೆದಿತ್ತು. ತಡವಾದದ್ದಕ್ಕೆ ಬೇರೆ ಅರ್ಜಿ ಹಾಕಬೇಕಾಯಿತು. ಅಜ್ಜಿಗೆ ಸುಮ್ನೆ ಎರ್ನಾಕುಳಂನ ಹೈಕೋರ್ಟಿಗೆ ಜಾಸ್ತಿ ಓಡಾಟ ಆಯಿತು. ಆ ಬೇಸರ ಇವತ್ತಿಗೂ ಹೋಗಿಲ್ಲ.

ಆದ್ದರಿಂದ ನಿಮ್ಮ ದಿನಗಳನ್ನು ಈಗಲೇ ಲೆಕ್ಕ ಹಾಕಿ. ರಿವ್ಯೂಗೆ ತೀರ್ಪಿನ ದಿನದಿಂದ 30 ದಿನ. ದೃಢೀಕೃತ ಪ್ರತಿ ಸಿಗಲು ಹಿಡಿದ ದಿನಗಳು ಈ 30ರ ಲೆಕ್ಕಕ್ಕೆ ಸೇರುವುದಿಲ್ಲ. ಹೈಕೋರ್ಟಿಗೆ 90 ದಿನ. ರಿವ್ಯೂ ಹಾಕಿದ ಮಾತ್ರಕ್ಕೆ ಆ 90 ದಿನದ ಲೆಕ್ಕ ನಿಲ್ಲುವುದಿಲ್ಲ. ಮೊದಲೇ ಹೈಕೋರ್ಟಿಗೆ ಹೋದರೆ ರಿವ್ಯೂ ದಾರಿ ಮುಚ್ಚುತ್ತದೆ, ಹಾಗಾಗಿ ರಿವ್ಯೂ ಮೊದಲು. ನ್ಯಾಯಾಧೀಶರು ವರ್ಗವಾಗಿದ್ದರೆ ಅವರ ಜಾಗಕ್ಕೆ ಬಂದವರು ಕೇಳುತ್ತಾರೆ. ರಿವ್ಯೂ ವಜಾ ಆದರೆ ಆ ಆದೇಶದ ಮೇಲೆ ಮೇಲ್ಮನವಿ ಇಲ್ಲ, ಎರಡನೇ ರಿವ್ಯೂ ಕೂಡ ಇಲ್ಲ. ಮೂಲ ತೀರ್ಪಿನ ಮೇಲೆ ಮಾತ್ರ ಹೈಕೋರ್ಟಿಗೆ ಹೋಗಬೇಕು. ಅಲ್ಲಿ ಕಾನೂನಿನ ಗಣನೀಯ ಪ್ರಶ್ನೆ ಇದ್ದರಷ್ಟೇ ಕೇಳುತ್ತಾರೆ. ಅರ್ಜಿ ಎರಡು ಮೂರು ಪುಟ ಇರಲಿ. ಮೂಲ ಪತ್ರ ಮತ್ತು ಅನುವಾದ ಅಕ್ಕಪಕ್ಕ ಇರಲಿ. ಕನ್ನಡ ಓದಬಲ್ಲ ವಕೀಲರನ್ನೇ ಹಿಡಿಯಿರಿ.

ಪ್ರಶ್ನೆ: ತೀರ್ಪಿನ ಒಳಗೆ 34 ಸೆಂಟ್ಸ್ ಎಂದಿದೆ, ಡಿಕ್ರಿಯಲ್ಲಿ (ತೀರ್ಪಿನ ಅಂತಿಮ ಆದೇಶ ಪತ್ರದಲ್ಲಿ) 43 ಎಂದು ಟೈಪ್ ಆಗಿದೆ. ಎರಡು ವರ್ಷ ಆಯಿತು. ರಿವ್ಯೂ ಗಡುವು ಮುಗಿಯಿತಲ್ಲ? (ಕುಂಬಳೆ)

ಉತ್ತರ: ಗಾಬರಿ ಬೇಡ. ಇದಕ್ಕೆ ರಿವ್ಯೂ ಬೇಕಿಲ್ಲ. ಕೈತಪ್ಪಿನಿಂದ ಆದ ಬರಹದ ಅಥವಾ ಲೆಕ್ಕದ ತಪ್ಪನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಂ ಪ್ರಕಾರ ಕೋರ್ಟು ಯಾವಾಗ ಬೇಕಾದರೂ ತಿದ್ದಬಹುದು. ಡಿಕ್ರಿ ಕೊಟ್ಟ ಕೋರ್ಟಿಗೇ ಅರ್ಜಿ ಕೊಡಿ.

ಪ್ರಶ್ನೆ: ನಾವು ಸೋತ ಮೇಲೆ ಬೇರೆ ಯಾರದೋ ಕೇಸಿನಲ್ಲಿ ಸುಪ್ರೀಂ ಕೋರ್ಟ್ ನಮಗೆ ಅನುಕೂಲವಾಗುವಂತೆ ಹೇಳಿದೆ. ಅದನ್ನು ಹಿಡಿದು ರಿವ್ಯೂ ಕೇಳಬಹುದೇ? (ಪೆರ್ಲ)

ಉತ್ತರ: ಇಲ್ಲ. ನಂತರ ಬಂದ ತೀರ್ಪಿನಿಂದ ಕಾನೂನು ಬದಲಾಯಿತು ಎಂಬುದು ರಿವ್ಯೂಗೆ ಕಾರಣ ಅಲ್ಲ. 47ನೇ ಆದೇಶದ ಮೊದಲ ನಿಯಮದ ವಿವರಣೆಯಲ್ಲೇ ಹಾಗೆಂದು ಬರೆದಿದೆ. ನಿಮ್ಮ 90 ದಿನ ಇನ್ನೂ ಉಳಿದಿದ್ದರೆ ಆ ತೀರ್ಪನ್ನು ಎರಡನೇ ಮೇಲ್ಮನವಿಯಲ್ಲಿ ಎತ್ತಿ ಹೇಳಿ.